ಮೇಲಂತಸ್ತಿನ ಕಿಟಕಿಗಳು

ಫೆಬ್ರವರಿ ೧೨

ಸೊಸೆಗೆ,

ನಾನು ನಿನ್ನ ಅತ್ತೆ. ಈ ಮನೆಯ ಹಿರಿಯಳು. ನೀನು ಭೌತಶಾಸ್ತ್ರ ಕಲಿಸುವ ಪ್ರೌಢಶಾಲೆಯ ಆಡಳಿತ ಮಂಡಳಿಗೆ ಇಪ್ಪತ್ತಾರು ವರ್ಷಗಳಿಂದ ಅಧ್ಯಕ್ಷೆ. ಈ ಕಾಗದವನ್ನು ಮೂವರಲ್ಲಿ ಯಾರದೆಂದು ತಿಳಿದು ಓದಿದರೂ ಸರಿ, ಪಾಲನೆ ಮಾತ್ರ ಒಂದೇ ಆಗಬೇಕು.

ಫೋನಿನಲ್ಲಿ ಹೇಳಬಹುದಿತ್ತು. ಶಾಲೆಯ ವಿಷಯವನ್ನು ನಾನು ಎಂದೂ ಫೋನಿನಲ್ಲಿ ಆಡಿದವಳಲ್ಲ. ಬಾಯಿಮಾತು ಆಡಿದವರಿಗೂ ನೆನಪಿರುವುದಿಲ್ಲ, ಕೇಳಿದವರಿಗೂ ಇರುವುದಿಲ್ಲ. ಕಾಗದದಲ್ಲಿ ಬರೆದರೆ ಇಬ್ಬರಿಗೂ ಜವಾಬ್ದಾರಿ. ರೈಲಿನಲ್ಲಿ ಒಂದು ಹಗಲಿನ ದೂರದಲ್ಲಿ ಕುಳಿತು ಆರುನೂರು ಮಕ್ಕಳ ಶಾಲೆಯನ್ನು ನಾನು ನಡೆಸಿದ್ದು ಹೀಗೆಯೇ.

ಪೋಷಕರ ಸಭೆಯ ದಿನ ನಿನ್ನ ಒಂಬತ್ತನೆಯ ತರಗತಿಯ ಮಕ್ಕಳು ಮೊಗಸಾಲೆಯಲ್ಲಿ ಒಂದು ನಕ್ಷೆ ತೂಗುಹಾಕಿದ್ದರಂತೆ. ಕಾರ್ಯದರ್ಶಿ ಬರೆದಿದ್ದಾನೆ. ಅವನು ನನ್ನ ಮೈದುನ, ಇದ್ದದ್ದಕ್ಕೆ ನಾಲ್ಕು ಸೇರಿಸುವವನು. ಆದರೆ ಈ ಸಲ ಫೋಟೊವನ್ನೇ ಕಳಿಸಿದ್ದಾನೆ. ಕೆಂಪು ಶಾಯಿಯಲ್ಲಿ: 'ಕಿಟಕಿ ಮುಚ್ಚಿದಾಗ ನಲವತ್ತೊಂದು ಡಿಗ್ರಿ, ತೆರೆದಾಗ ಮೂವತ್ತಾರು.' ಅದರ ಮುಂದೆ ನಿಂತ ಒಬ್ಬ ತಂದೆ, "ಓಹೋ, ಇಲ್ಲಿ ಮಕ್ಕಳಿಗೆ ಪಾಠಾನೂ ಹೇಳ್ತಾರೆ, ಮಕ್ಕಳನ್ನ ಬೇಯಿಸಿಯೂ ಕೊಡ್ತಾರೆ!" ಎಂದು ನಕ್ಕನಂತೆ.

ಬೆಳಿಗ್ಗೆ ಎಂಟಕ್ಕೆ ಕಿಟಕಿ ಮುಚ್ಚಬೇಕು, ಸಂಜೆ ಐದಕ್ಕೆ ತೆರೆಯಬೇಕು. ಇದು ನನ್ನ ನಿಯಮ. ನನ್ನ ಮನೆಯಲ್ಲಿ ಐವತ್ತು ವರ್ಷಗಳಿಂದ ನಡೆದಿದೆ. ಎಂಥ ಬೇಸಿಗೆಯಲ್ಲೂ ಮಧ್ಯಾಹ್ನ ನಮ್ಮ ನಡುಮನೆಯ ನೆಲ ಬರಿಗಾಲಿಗೆ ತಂಪು. ಮದುವೆಯಾಗಿ ಬಂದ ಹೊಸತರಲ್ಲಿ ನೀನೇ, "ಅತ್ತೆ, ಇಲ್ಲಿ ಫ್ಯಾನೇ ಬೇಡ" ಎಂದಿದ್ದೆ. ನಾನೂ ಹತ್ತನೆಯ ತರಗತಿ ಪಾಸು ಮಾಡಿದವಳು, ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು. ಶಾಖ ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಹರಿಯುತ್ತದೆ ಎಂಬುದು ನನಗೂ ಬಾಯಿಪಾಠ. ಹೊರಗೆ ಬಿಸಿ, ಒಳಗೆ ತಂಪು. ಕಿಟಕಿ ಹಾಕಿದರೆ ಬಿಸಿ ಹೊರಗೇ ನಿಲ್ಲುತ್ತದೆ. ಇದಕ್ಕೆ ನಕ್ಷೆ ಬೇಕೆ?

ಅದೂ ಆ ಮೇಲಂತಸ್ತಿನಲ್ಲಿ! ನನ್ನ ಮಗ ತೀರಿಕೊಂಡ ವರ್ಷ ಅವನ ನೆನಪಿಗೆಂದು ನಾನು ನಿಂತು ಕಟ್ಟಿಸಿದ ಕೋಣೆ ಅದು. ಅವನು ನಿನಗೆ ಗಂಡನೂ ಆಗಿದ್ದ ಎಂಬುದನ್ನು ನಾನು ನೆನಪಿಸಬೇಕೆ?

ನಕ್ಷೆಯನ್ನು ತೆಗೆಸು. ತೆಗೆಸಿದ್ದೇನೆ ಎಂದು ಬರೆ.

ಅತ್ತೆ

•

ಫೆಬ್ರವರಿ ೧೯

ಅತ್ತೆಯವರಿಗೆ,

ನಕ್ಷೆ ತೆಗೆಸಿದ್ದೇನೆ. ನಿಮ್ಮ ಮೊಮ್ಮಗಳು ಪುಟ್ಟಿ ಚೆನ್ನಾಗಿದ್ದಾಳೆ. ಎಂಟನೆಯ ತರಗತಿ ಕೆಳಗಿನ ಕಲ್ಲುಕಟ್ಟಡದಲ್ಲಿದೆ, ಅವಳಿಗೆ ಸೆಕೆಯ ತೊಂದರೆ ಇಲ್ಲ.

ನಿಮಗೆ ಎದುರಾಡಲು ಇದನ್ನು ಬರೆಯುತ್ತಿಲ್ಲ. ಆದರೆ ವಿಷಯ ನನ್ನ ಪಾಠದ್ದು. ನಿಮ್ಮ ಮನೆಯ ಗೋಡೆ ಎರಡು ಅಡಿ ದಪ್ಪ. ಬೆಳಗಿನ ಶಾಖ ಅದನ್ನು ದಾಟುವ ಹೊತ್ತಿಗೆ ಸಂಜೆಯಾಗಿರುತ್ತದೆ. ಅಲ್ಲಿ ನಿಮ್ಮ ನಿಯಮ ಸರಿ. ಮೇಲಂತಸ್ತಿನ ಸೂರು ಉಗುರಿನಷ್ಟೂ ದಪ್ಪವಿಲ್ಲದ ತಗಡು. ಹತ್ತು ಗಂಟೆಗೆ ಅದು ಕಾದು ಕೆಳಮುಖವಾಗಿ ಶಾಖ ಸುರಿಸತೊಡಗುತ್ತದೆ. ಅದಕ್ಕೆ ಕಿಟಕಿಯ ಅಪ್ಪಣೆ ಬೇಕಿಲ್ಲ. ಕೆಳಗೆ ನಲವತ್ತಾರು ಮಕ್ಕಳು, ಒಬ್ಬೊಬ್ಬರ ಮೈಯಿಂದಲೂ ಒಂದು ದೊಡ್ಡ ಬಲ್ಬಿನಷ್ಟು ಬಿಸಿ. ಬಿಸಿಗಾಳಿ ಹೊರಹೋಗಲು ಇರುವ ದಾರಿ ಕಿಟಕಿ ಒಂದೇ.

ಇದನ್ನು ಕಂಡುಹಿಡಿದದ್ದು ನಾನಲ್ಲ. ವಹನ, ಸಂವಹನ, ವಿಕಿರಣ ಎಂದು ಹಲಗೆಯ ಮೇಲೆ ಬರೆಯುತ್ತಿದ್ದಾಗ ಒಬ್ಬ ಹುಡುಗಿ ಎದ್ದು, "ಮಿಸ್, ಈ ಮೂರರಲ್ಲಿ ನಮ್ಮನ್ನ ಸುಡ್ತಿರೋದು ಯಾವುದು?" ಎಂದಳು. ಎಲ್ಲದಕ್ಕೂ ಯಾಕೆ ಯಾಕೆ ಎನ್ನುವುದರಿಂದ ತರಗತಿ ಅವಳಿಗೆ 'ಯಾಕಮ್ಮ' ಎಂದು ಹೆಸರಿಟ್ಟಿದೆ. ತಾಯಿ ಬಟ್ಟೆ ಹೊಲಿಯುವವರು, ತಂದೆ ಬಸ್ ಚಾಲಕರು. ಎರಡು ವಾರ ಅವಳೇ ಗಂಟೆಗೊಮ್ಮೆ ಬೆಂಚಿನ ಮೇಲೆ ಹತ್ತಿ ಉಷ್ಣಮಾಪಕ ಓದಿದಳು.

ಮೊನ್ನೆ ವಾಯುಗುಣದ ಪಾಠ. ಭೂಮಿ ತನ್ನ ಶಾಖವನ್ನು ಆಕಾಶಕ್ಕೆ ಬಿಡಬೇಕು, ನಾವು ಬಿಟ್ಟ ಹೊಗೆ ಅದನ್ನು ತಡೆದು ಹಿಂದಕ್ಕೆ ಕಳಿಸುತ್ತಿದೆ ಎಂದೆ.

"ಹಂಗಾದ್ರೆ ಭೂಮೀನೂ ನಮ್ಮ ಕ್ಲಾಸಿನ ಥರಾನೇ. ಅದರ ಕಿಟಕಿ ಎಲ್ಲಿದೆ ಮಿಸ್?"

"ಆಕಾಶಾನೇ ಕಿಟಕಿ."

"ಮುಚ್ಚಿದ್ದು ಯಾರು?"

"ನಾವೇ ಕಣಮ್ಮ."

"ನಾವಲ್ಲ ಮಿಸ್, ನಾವಿನ್ನೂ ಚಿಕ್ಕೋರು. ಮುಚ್ಚಿದ್ದು ದೊಡ್ಡೋರು. ಸೆಕೆ ಮಾತ್ರ ನಮಗೆ."

ಹಿಂದಿನ ಬೆಂಚಿನಿಂದ ಯಾರೋ, "ನೀನು ಒಂದಿನ ಬಾಯಿ ಮುಚ್ಚು, ಭೂಮಿ ತಾನೇ ತಣ್ಣಗಾಗತ್ತೆ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಮರುದಿನದ ಪಾಠ ಬರೆಯುವಾಗಲೂ ಅವಳ ಮಾತೇ ತಲೆಯಲ್ಲಿತ್ತು. ಇನ್ನು ಇಪ್ಪತ್ತು ವರ್ಷಕ್ಕೆ ಇವರು ಯಾವ ಬಿಸಿಲಿನಲ್ಲಿ ಬಾಳಬೇಕೋ ಅದರ ಅಂಕಿಗಳನ್ನು ನಾನು ಹಲಗೆಯ ಮೇಲೆ ಬರೆದು ಅಳಿಸುತ್ತೇನೆ. ಬರೆದದ್ದರಿಂದ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಈ ಒಂದು ಕೋಣೆಯನ್ನಾದರೂ ಇಳಿಸಬಹುದಲ್ಲ ಎಂದಷ್ಟೇ ನನ್ನ ಆಸೆ.

ಕಿಟಕಿ ತೆರೆಯಲು ಒಪ್ಪಿಗೆ ಕೊಡಿ. ಇಲ್ಲವಾದರೆ ಬೇಸಿಗೆ ಮುಗಿಯುವವರೆಗೆ ಕೆಳಗಿನ ಸಭಾಂಗಣವನ್ನು ತರಗತಿಗೆ ಬಿಟ್ಟುಕೊಡಿ. ವರ್ಷವೆಲ್ಲ ಖಾಲಿಯೇ ಇರುತ್ತದೆ.

ನಿಮ್ಮ ಸೊಸೆ

•

ಫೆಬ್ರವರಿ ೨೬

ಸೊಸೆಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಪಾಠವೆಂದು ತಿಳಿದೆ. ಎರಡನೆಯ ಸಲ ಅದು ಪಾಠವಲ್ಲ, ಏಟು ಎಂದು ಗೊತ್ತಾಯಿತು.

'ಮುಚ್ಚಿದ್ದು ದೊಡ್ಡೋರು.' ದೊಡ್ಡವರು ಎಂದರೆ ಯಾರು? ಹದಿನೈದು ವರ್ಷದ ಹುಡುಗಿಗೆ ಈ ಮಾತು ತಾನಾಗಿ ಬರುವುದಿಲ್ಲ. ಹೇಳಿಕೊಟ್ಟವರಿರಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಇನ್ನೂ ಮುಗಿದಿಲ್ಲ. ನಿನಗೆ ಈ ಕೆಲಸ ಕೊಟ್ಟವಳು ನಾನು, ಬೆಂಚಿನ ಮೇಲೆ ಹತ್ತಿದ ಹುಡುಗಿಯಲ್ಲ.

ತಗಡು ಎಂದೆ. ಹೌದು, ತಗಡೇ. ಮಗ ಹೋದ ವರ್ಷದೊಳಗೆ ಕೋಣೆ ಏಳಬೇಕೆಂಬ ಹಟ ನನ್ನದಾಗಿತ್ತು. ಕಾಂಕ್ರೀಟು ಹಾಕಿದರೆ ತಡವಾಗುತ್ತಿತ್ತು. ಆ ಕೋಣೆಯನ್ನು ಒಲೆ ಎಂದು ಊರಿನ ಮುಂದೆ ತೂಗುಹಾಕುವಾಗ ನಿನಗೆ ಅವನ ನೆನಪಾಗಲಿಲ್ಲವಲ್ಲ, ಅದೇ ನನಗೆ ಆಶ್ಚರ್ಯ.

ಸಭಾಂಗಣ ಸಮಾರಂಭಕ್ಕೆ, ಬೆಂಚು ಎಳೆದಾಡಲು ಅಲ್ಲ. ಈಚೆಗೆ ನೀನು ಕೆಲವು ದಿನ ಕದ್ದು ಕಿಟಕಿ ತೆರೆಯುತ್ತೀಯೆಂದೂ ತಿಳಿಯಿತು. ಆದ್ದರಿಂದ ಈ ಕಾಗದವೇ ಆದೇಶ: ಮೇಲಂತಸ್ತಿನ ಎಂಟು ಕಿಟಕಿಗಳ ಚಿಲಕಕ್ಕೂ ಬೀಗ ಹಾಕಿಸು. ಬೆಳಿಗ್ಗೆ ನೀನೇ ಬೀಗ ಹಾಕಿ, ಬೀಗದ ಕೈಗೊಂಚಲನ್ನು ಕಾರ್ಯದರ್ಶಿಗೆ ಒಪ್ಪಿಸಬೇಕು. ಸಂಜೆ ಐದಕ್ಕೆ ಅವನು ಕೊಡುತ್ತಾನೆ.

ಅಧ್ಯಕ್ಷೆ

•

ಮಾರ್ಚ್ ೫

ಅಧ್ಯಕ್ಷರಿಗೆ,

ಎಂಟು ಕಿಟಕಿಗಳಿಗೂ ಬೀಗ ಹಾಕಲಾಗಿದೆ. ಕೈಗೊಂಚಲು ಕಾರ್ಯದರ್ಶಿಯವರ ಬಳಿ ಇದೆ. ಪಾಠಗಳು ಮುಗಿದಿವೆ.

ಭೌತಶಾಸ್ತ್ರ ಶಿಕ್ಷಕಿ

•

ಮಾರ್ಚ್ ೧೪

ಸೊಸೆಗೆ,

ನಿನ್ನ ಮೂರು ಸಾಲು ತಲುಪಿತು. ಚಿಕ್ಕದಾಗಿ, ಚೊಕ್ಕದಾಗಿ ಬರೆಯುವುದನ್ನು ಕಲಿತೆ. ಸಂತೋಷ. ನಾನು ಗದರಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮನೆ ನಡೆಸುವವಳು ಎಲ್ಲರಿಗೂ ಒಳ್ಳೆಯವಳಾಗಿರಲು ಆಗುವುದಿಲ್ಲ.

ನನಗೂ ಒಂದು ಕಾಲದಲ್ಲಿ ನಿನ್ನ ಹುಡುಗಿಯ ಹಾಗೆ ಬಾಯಿ ಇತ್ತು. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ನನ್ನಪ್ಪ, "ಸಾಕು, ಇನ್ನು ಓದಿ ಯಾರನ್ನ ಉದ್ಧಾರ ಮಾಡ್ಬೇಕು?" ಎಂದರು. ನಾನು ಯಾಕೆ ಎಂದು ಕೇಳಲಿಲ್ಲ. ಕೇಳದೇ ಬದುಕಿದೆ, ಬದುಕಿ ಶಾಲೆಯನ್ನೇ ನಡೆಸಿದೆ. ಅವಳಿಗೂ ಅದನ್ನು ಹೇಳು.

ವಾರ್ಷಿಕ ಪರೀಕ್ಷೆ ಎಂದಿನಂತೆ ಅವರವರ ಕೋಣೆಯಲ್ಲೇ ನಡೆಯಲಿ.

ಅತ್ತೆ

•

ಏಪ್ರಿಲ್ ೧೦

ಸೊಸೆಗೆ,

ಮೊನ್ನೆ ಪರೀಕ್ಷೆಯ ಹೊತ್ತಿನಲ್ಲಿ ಒಂದು ಮಗುವಿಗೆ ಹುಷಾರು ತಪ್ಪಿ ಆಸ್ಪತ್ರೆಗೆ ಸೇರಿಸಿದರೆಂದು ಕಾರ್ಯದರ್ಶಿ ತಿಳಿಸಿದ. ಬೆಳಿಗ್ಗೆಯೇ ಅದಕ್ಕೆ ಜ್ವರವಿತ್ತಂತೆ, ಮನೆಯವರು ಮುಚ್ಚಿಟ್ಟು ಕಳಿಸಿದ್ದಾರೆ. ಪುಟ್ಟಿಯೇನೋ ಎಂದು ಅವನನ್ನು ಎರಡೆರಡು ಸಲ ಕೇಳಿದೆ. ನಮ್ಮ ಮಗುವಲ್ಲ ಎಂದ ಮೇಲೆ ಉಸಿರು ಬಂತು. ದೇವರು ದೊಡ್ಡವನು.

ಯಾರು ಏನು ಕೇಳಿದರೂ ಮಾತಾಡಬೇಡ. ಹಣ್ಣು ಹಂಪಲು ಕಳಿಸಲು ಹೇಳಿದ್ದೇನೆ.

ಅತ್ತೆ

•

ಏಪ್ರಿಲ್ ೨೪

ಸೊಸೆಗೆ,

ಎರಡು ವಾರವಾಯಿತು, ಉತ್ತರವಿಲ್ಲ. ಫೋನು ಮಾಡಿದರೆ, ಹೌದು, ನಾನೇ ಮಾಡಿದೆ, ನೀನು ಎತ್ತುವುದಿಲ್ಲ.

ಶಿಕ್ಷಣ ಇಲಾಖೆ ವರದಿ ಕೇಳಿದೆ. ಕಾರ್ಯದರ್ಶಿ ಬರೆದು ನನ್ನ ಸಹಿಗೆ ಕಳಿಸಿದ್ದಾನೆ. ಅದರಲ್ಲಿ, 'ಕಿಟಕಿಗಳನ್ನು ಮುಚ್ಚಿಡುವ ತೀರ್ಮಾನ ತರಗತಿಯ ಶಿಕ್ಷಕಿಯದು' ಎಂಬ ಸಾಲಿದೆ. ಇದನ್ನು ಓದಿಯೂ ನೀನು ಒಂದು ಮಾತಾಡಲಿಲ್ಲ ಎನ್ನುತ್ತಾನೆ. ನನ್ನ ಕಾಗದ ನಿನ್ನ ಬಳಿ ಇದೆಯಲ್ಲ, ಯಾಕೆ ತೋರಿಸಲಿಲ್ಲ? ಮನೆಯ ಮಾನ ಕಾಯಲು ಎಂದಾದರೆ, ನೀನು ನನ್ನ ಸೊಸೆಯೇ ಸರಿ.

ಸಹಿ ಹಾಕುವ ಮೊದಲು ನಡೆದದ್ದು ಏನೆಂದು ನಿನ್ನ ಕೈಯಿಂದಲೇ ತಿಳಿಯಬೇಕು. ಬರೆ.

ಅತ್ತೆ

•

ಮೇ ೩

ಅತ್ತೆ,

ಬರೆ ಎಂದಿರಿ, ಬರೆಯುತ್ತೇನೆ. ಇದು ನಾನು ನಿಮಗೆ ಬರೆಯುವ ಕೊನೆಯ ಕಾಗದ.

ಬಿದ್ದವಳು ಯಾಕಮ್ಮ. ಭೌತಶಾಸ್ತ್ರದ ಪರೀಕ್ಷೆ, ಹನ್ನೊಂದರಿಂದ ಎರಡು. ಬೆಳಿಗ್ಗೆ ಮೈ ಬೆಚ್ಚಗಿದ್ದದ್ದು ನಿಜ. ಪರೀಕ್ಷೆ ತಪ್ಪಿಹೋಗುತ್ತದೆಂದು ಅವಳೇ ಮನೆಯಲ್ಲಿ ಹೇಳಿರಲಿಲ್ಲ. ಹನ್ನೆರಡೂವರೆಗೆ ಅವಳು ಬೆಂಚಿನ ಮೇಲೆ ತಲೆಯಿಟ್ಟಳು. ಯಾವಾಗಲೂ ಎಲ್ಲರಿಗಿಂತ ಮೊದಲು ಬರೆದು ಮುಗಿಸುವವಳು. ಮುಗಿಸಿ ಮಲಗಿದ್ದಾಳೆ ಎಂದುಕೊಂಡು ನಾನು ಅವಳ ಪಕ್ಕದಲ್ಲೇ ಮೂರು ಸಲ ಹಾದುಹೋದೆ. ಒಂದೂಕಾಲಿಗೆ ಪಕ್ಕದವಳು, "ಮಿಸ್, ಇವಳು ಕರೆದ್ರೆ ಮಾತಾಡ್ತಿಲ್ಲ" ಎಂದಳು. ಮುಟ್ಟಿದರೆ ಮೈ ಒಣಗಿ ಕೆಂಡವಾಗಿತ್ತು. ಬೆವರೇ ಇರಲಿಲ್ಲ. ಎತ್ತಿಕೊಂಡು ಇಳಿದೆವು.

ಉತ್ತರಪತ್ರಿಕೆ ಆಮೇಲೆ ನೋಡಿದೆ. ಎರಡನೆಯ ಪ್ರಶ್ನೆಯವರೆಗೆ ಅಕ್ಷರ ದುಂಡಗಿದೆ. ಮೂರನೆಯದು ಶಾಖ ವಿಕಿರಣದ ಮೇಲೆ. ಅಲ್ಲಿ ಸಾಲುಗಳು ಕೆಳಕ್ಕೆ ಜಾರುತ್ತ ಹೋಗಿ, ಒಂದೇ ಪದವನ್ನು ಐದು ಸಲ ಬರೆದು ನಿಂತಿದೆ.

ಬದುಕಿದ್ದಾಳೆ. ಹನ್ನೊಂದು ದಿನ ಪ್ರಜ್ಞೆಯಿರಲಿಲ್ಲ. ಈಗ ಲೋಟ ಹಿಡಿದರೆ ನೀರೆಲ್ಲ ತುಳುಕುತ್ತದೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು. ಮಿದುಳಿಗೆ ಶಾಖ ತಾಗಿದೆ, ಎಷ್ಟು ಮರಳುತ್ತದೋ ಹೇಳಲಾಗದು ಎಂದರು ವೈದ್ಯರು.

ನಿಮ್ಮ ಎರಡು ಆದೇಶದ ಕಾಗದಗಳನ್ನು ಇದರ ಜೊತೆ ಹಿಂದಿರುಗಿಸಿದ್ದೇನೆ. ಯಾರಿಗೂ ತೋರಿಸಿಲ್ಲ. ಮನೆಯ ಮಾನ ಕಾಯಲು ಎಂದು ತಿಳಿಯಬೇಡಿ. ಆ ಮಾನದ ಮೇಲೆ ನನಗೆ ಈಗ ಯಾವ ಅಭಿಮಾನವೂ ಉಳಿದಿಲ್ಲ. ತೋರಿಸದಿರಲು ಬೇರೆ ಕಾರಣವಿದೆ.

ಹನ್ನೆರಡು ಗಂಟೆಗೆ ನಾನು ಉಷ್ಣಮಾಪಕ ನೋಡಿದ್ದೆ. ನಲವತ್ತಮೂರು. ಮಕ್ಕಳನ್ನು ಹೊರಗೆ ಕರೆದೊಯ್ದು ಮರದ ನೆರಳಲ್ಲಿ ಕೂರಿಸಬಹುದಿತ್ತು. ಪರೀಕ್ಷೆ ಕೆಡುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು, ಅಷ್ಟೇ. ನಾನು ಹಾಗೆ ಮಾಡಲಿಲ್ಲ. ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು ಇದು: ಇವರಲ್ಲಿ ಯಾರಾದರೂ ಒಬ್ಬರಿಗೆ ತಲೆ ಸುತ್ತಲಿ. ಆಗ ಅತ್ತೆ ನಂಬುತ್ತಾರೆ.

ಅಂಕಿ ತೋರಿಸಿದರೆ ನೀವು ನಂಬಲಿಲ್ಲ. ಅದಕ್ಕೆ ಮಗುವನ್ನು ತೋರಿಸಲು ನಾನು ತಯಾರಾಗಿದ್ದೆ. ಬೀಗ ನಿಮ್ಮದು, ತಿರುಗಿಸಿದ ಕೈ ನನ್ನದು, ಶಾಖದ ಪಾಠ ನಿಮಗಿಂತ ಚೆನ್ನಾಗಿ ಗೊತ್ತಿದ್ದವಳೂ ನಾನೇ.

ನಿಮ್ಮ ಏಪ್ರಿಲ್ ಹತ್ತರ ಕಾಗದವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದಿದೆ. 'ನಮ್ಮ ಮಗುವಲ್ಲ' ಎಂಬ ಸಾಲಿಗೆ ಬಂದಾಗ ಅವಳ ತಾಯಿ ನನ್ನ ಪಕ್ಕದಲ್ಲೇ ಇದ್ದರು. "ಊರಿಂದಾನಾ? ಎಲ್ಲ ಚೆನ್ನಾಗಿದಾರಾ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ.

ಪುಟ್ಟಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದೇನೆ. ವಿಳಾಸ ಲಕೋಟೆಯ ಹಿಂದಿದೆ, ಪುಟ್ಟಿಗಾಗಿ. ಇನ್ನು ನಾನು ಪಾಠ ಮಾಡುವುದಿಲ್ಲ.

•

ಮೇ ೩೦

ಸೊಸೆಗೆ,

ನೀನು ಇದನ್ನು ಒಡೆಯುತ್ತೀಯೋ ಇಲ್ಲವೋ ತಿಳಿಯದೆ ಬರೆಯುತ್ತಿದ್ದೇನೆ. ಇಷ್ಟು ವರ್ಷ ನನ್ನ ಕಾಗದವನ್ನು ಯಾರಾದರೂ ಓದದೆ ಇಟ್ಟಾರು ಎಂದು ನಾನು ಯೋಚಿಸಿದವಳೇ ಅಲ್ಲ.

ಮೇ ಹದಿನೈದಕ್ಕೆ ಯಾರಿಗೂ ತಿಳಿಸದೆ ಅಲ್ಲಿಗೆ ಹೋದೆ. ಶಾಲೆಗೆ ರಜೆ. ಜವಾನನಿಂದ ಮೇಲಂತಸ್ತು ತೆರೆಸಿ, ಕಿಟಕಿಗಳು ಹೇಗಿದ್ದವೋ ಹಾಗೆಯೇ ಇರಲಿ ಎಂದು ಹೇಳಿ, ಹನ್ನೊಂದಕ್ಕೆ ಮೂರನೆಯ ಬೆಂಚಿನಲ್ಲಿ ಕುಳಿತೆ. ಅವನು ಬಾಗಿಲಲ್ಲಿ ಗೊಣಗುತ್ತಿದ್ದ: "ಅಮ್ಮಾವ್ರೇ, ಈ ವಯಸ್ಸಲ್ಲಿ ಇದೇನು ಹಟ? ಕೆಳಗೆ ಬನ್ನಿ." ಎರಡು ಗಂಟೆಯವರೆಗೆ ಕೂರುವುದೆಂದು ತೀರ್ಮಾನಿಸಿದ್ದೆ. ನಲವತ್ತು ನಿಮಿಷಕ್ಕೆ ತಲೆಯ ಮೇಲೆ ಯಾರೋ ಕಾದ ಹೆಂಚು ಹಿಡಿದಂತಾಯಿತು. ನನ್ನ ಮಗನ ಮುಖ ನೆನಪಿಸಿಕೊಳ್ಳಲು ನೋಡಿದೆ. ಅವನ ನೆನಪಿಗೇ ಕಟ್ಟಿಸಿದ ಕೋಣೆ. ಬರಲಿಲ್ಲ. ಐವತ್ತನೆಯ ನಿಮಿಷಕ್ಕೆ ಜವಾನ ರಟ್ಟೆ ಹಿಡಿದು ಹೊರಗೆ ತಂದ. ನಾನೊಬ್ಬಳೇ ಇದ್ದೆ. ಅಲ್ಲಿ ನಲವತ್ತಾರು ಮಕ್ಕಳಿದ್ದರು.

ನೀನು ಬರೆದದ್ದನ್ನು ಫೆಬ್ರವರಿಯಲ್ಲೇ ನಾನು ಅರ್ಥ ಮಾಡಿಕೊಂಡಿದ್ದೆ. ಎರಡು ಅಡಿ ಗೋಡೆ, ಉಗುರಿನಷ್ಟು ತಗಡು, ಇಷ್ಟೂ ತಿಳಿಯದಷ್ಟು ದಡ್ಡಿ ನಾನಲ್ಲ. ತಿಳಿದೂ ಸಿಟ್ಟು ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು.

ಸಂಜೆ ಆ ಹುಡುಗಿಯ ಮನೆಗೆ ಹೋದೆ. ಒಂದೇ ಕೋಣೆ, ಮೂಲೆಯಲ್ಲಿ ಹೊಲಿಗೆ ಯಂತ್ರ. ನಾನು ಯಾರೆಂದು ಹೇಳಿದೆ, ಬೀಗ ಹಾಕಿಸಿದವಳು ನಾನೇ ಎಂದೂ ಹೇಳಿದೆ. ಬೈಯುತ್ತಾರೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ತಂದೆ ಎದ್ದು ಹೊರಗೆ ಹೋದರು. ತಾಯಿ ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು.

"ಮೊದಲು ಇವಳ ಬಾಯಿ ಮುಚ್ಚಿಸೋದೇ ನನಗೊಂದು ಕೆಲಸ ಆಗಿತ್ತು," ಎಂದರು. "ಈಗ ದಿನಾ ಬಾಯಿ ತೆರೆಸೋಕೆ ವ್ಯಾಯಾಮ ಮಾಡಿಸ್ತೀನಿ. ಕೂತ್ಕೊಳ್ಳಿ, ನಿಂತೇ ಇದೀರಲ್ಲ."

ಹುಡುಗಿ ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ. ನಾನು ಕೂರಲಿಲ್ಲ.

ವರದಿಗೆ ಸಹಿ ಮಾಡಿಸಲು ಕಾರ್ಯದರ್ಶಿ ನಾನು ಇಳಿದುಕೊಂಡಿದ್ದ ಛತ್ರದವರೆಗೆ ಹುಡುಕಿಕೊಂಡು ಬಂದ.

"ಅತ್ತಿಗೆ, ಒಂದು ಸಹಿ. ಸೊಸೆ ಹೇಗೂ ಬಿಟ್ಟು ಹೋಗಿದಾಳೆ. ಹೋದೋರ ಮೇಲೆ ಹಾಕಿದ್ರೆ ಇರೋರಿಗೆ ತೊಂದರೆ ಇಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ನನ್ನ ಕೈನೇ ಬೇಕಾ ನಿನಗೆ?"

"ಶಾಲೆ ಮುಚ್ಚಿಸಿಬಿಡ್ತಾರೆ ಅತ್ತಿಗೆ. ಅಣ್ಣ ಇದ್ದಿದ್ರೆ..."

"ನಿನ್ನಣ್ಣ ಇದ್ದಿದ್ರೆ ಮರುಮಾತಿಲ್ಲದೆ ಇದಕ್ಕೆ ಸಹಿ ಹಾಕಿರ್ತಿದ್ರು. ಅದಕ್ಕೇ ಅವರನ್ನ ಎಳೀಬೇಡ."

ಅಂದಿನಿಂದ ಅವನು ನನ್ನೊಡನೆ ಮಾತಾಡುತ್ತಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಮಾನ್ಯತೆ ಹೋಗಬಹುದು, ಆರುನೂರು ಮಕ್ಕಳು ದಿಕ್ಕಿಗೊಬ್ಬರಾಗಬಹುದು. ಅದರಿಂದ ಆ ಹುಡುಗಿಯ ಕೈನಡುಕ ನಿಲ್ಲುವುದಿಲ್ಲ. ಏನು ಮಾಡಿದರೂ ಅದು ನಿಲ್ಲುವುದಿಲ್ಲ ಎಂಬುದೊಂದೇ ಈಗ ನನಗೆ ಖಚಿತವಾಗಿ ಗೊತ್ತಿರುವುದು.

ನೀನು ಹನ್ನೆರಡು ಗಂಟೆಯ ಬಗ್ಗೆ ಬರೆದ ಹಾಳೆಯನ್ನು ಯಾರಿಗೂ ಕೊಟ್ಟಿಲ್ಲ, ಹರಿದೂ ಇಲ್ಲ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ, ಆ ಅಧಿಕಾರ ಬೇರೆ ಮನೆಯವರದು. ನನ್ನನ್ನು ಕ್ಷಮಿಸು ಎಂದೂ ಕೇಳಲಾರೆ. ಪುಟ್ಟಿಗೆ ಬೇಕಾದರೆ ಅಜ್ಜಿ ಇದ್ದಾಳೆ ಎಂದು ಹೇಳು, ಬೇಡವಾದರೆ ಬೇಡ.

ಮೇ ಹದಿನೇಳರ ಬೆಳಿಗ್ಗೆ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಒಂದೂವರೆ ಪುಟದ ಹೇಳಿಕೆ, ನನ್ನ ಕೈಬರಹದಲ್ಲೇ: ಕಿಟಕಿ ಮುಚ್ಚುವ ನಿಯಮ ನನ್ನದು, ಬೀಗದ ಆದೇಶ ನನ್ನದು, ಶಿಕ್ಷಕಿ ಅಂಕಿಸಮೇತ ಎಚ್ಚರಿಸಿದ್ದರು, ನಾನು ಒಪ್ಪಲಿಲ್ಲ. ನನ್ನ ಎರಡು ಕಾಗದಗಳನ್ನೂ ಲಗತ್ತಿಸಿದೆ. ಗುಮಾಸ್ತ ಚಿಕ್ಕ ವಯಸ್ಸಿನವನು. ಓದುತ್ತ ಓದುತ್ತ ಅವನ ಮುಖ ಬದಲಾಯಿತು. ಸುತ್ತ ನೋಡಿ ದನಿ ತಗ್ಗಿಸಿದ.

"ಅಮ್ಮಾ, ಇದನ್ನ ಕೊಟ್ರೆ ನಿಮ್ಮ ಮೇಲೇ ಕೇಸು ಬೀಳತ್ತೆ. ಬೇಕಾದ್ರೆ ವಾಪಸ್ ತಗೊಂಡು ಹೋಗಿ. ನಾನಿನ್ನೂ ಮೊಹರು ಒತ್ತಿಲ್ಲ."

"ಒತ್ತಪ್ಪಾ," ಎಂದೆ. "ಹಿಂದೆ ತುಂಬಾ ಜನ ಕಾಯ್ತಿದಾರೆ."

ಒತ್ತಿದ.